ಎರಡು ಕಂದು ಬಣ್ಣಗಳು



ಸೇಬನ್ನು ಹೆಚ್ಚಿ ತಟ್ಟೆಯಲ್ಲಿಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿ. ಬೆಳ್ಳಗಿದ್ದ ಹೋಳು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕಾದ ಎಣ್ಣೆಗೆ ಬಿಟ್ಟ ಶಂಕರಪೋಳಿಯೂ ಕಂದು ಬಣ್ಣಕ್ಕೇ ತಿರುಗುತ್ತದೆ. ಮೊದಲನೆಯದನ್ನು ಕಂಡು ಮುಖ ಸಿಂಡರಿಸುತ್ತೇವೆ; ಎರಡನೆಯದನ್ನು ಕಂಡರೆ ಬಾಯಲ್ಲಿ ನೀರೂರುತ್ತದೆ. ಹಾಗಾದರೆ ಇವೆರಡೂ ಒಂದೇ ಕ್ರಿಯೆಯೇ? ಅಲ್ಲ. ಹಣ್ಣಿನ ಶ್ರೀಖಂಡ ಮತ್ತು ಅದರಲ್ಲಿ ಅದ್ದಿ ತಿನ್ನಲು ಶಂಕರಪೋಳಿ ಮಾಡುತ್ತಲೇ ಈ ವ್ಯತ್ಯಾಸವನ್ನು ತಿಳಿಯೋಣ.

ಈ ಪಾಠವನ್ನು ನಾನು ಸ್ಟುಡಿಯೋದಲ್ಲಿ ಕಲಿತೆ. ಚಿತ್ರೀಕರಣಕ್ಕೆಂದು ಸೇಬು, ಬಾಳೆಹಣ್ಣುಗಳನ್ನು ಮೊದಲೇ ಹೆಚ್ಚಿಡಲು ಹೇಳಿದ್ದೆ. ದೀಪಗಳು ಸಿದ್ಧವಾಗುವಷ್ಟರಲ್ಲಿ ಹಣ್ಣೆಲ್ಲ ಕಪ್ಪಿಟ್ಟಿತ್ತು. ವಿಜ್ಞಾನ ಓದಿದವನಾಗಿದ್ದರೂ ನಿಂಬೆಹಣ್ಣಿನ ನೆನಪಾಗಲಿಲ್ಲ. ಮತ್ತೆ ಪೇಟೆಗೆ ಆಳು ಕಳಿಸಬೇಕಾಯಿತು.

ಹಣ್ಣಿನ ಜೀವಕೋಶದಲ್ಲಿ ಫಿನಾಲ್ ಜಾತಿಯ ವಸ್ತುಗಳು ಒಂದೆಡೆ, ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇನ್ನೊಂದೆಡೆ ಇರುತ್ತವೆ. ಚಾಕು ತಗುಲಿ ಕೋಶ ಒಡೆದಾಗ ಎರಡೂ ಬೆರೆಯುತ್ತವೆ. ಗಾಳಿಯ ಆಮ್ಲಜನಕವೂ ಸೇರಿದರೆ ಕಂದು ವಸ್ತು ಹುಟ್ಟುತ್ತದೆ. ನಿಂಬೆರಸ ಇದನ್ನು ಎರಡು ರೀತಿಯಲ್ಲಿ ತಡೆಯುತ್ತದೆ: ಅದರ ಹುಳಿ ಕಿಣ್ವದ ಕೆಲಸವನ್ನು ಕುಗ್ಗಿಸುತ್ತದೆ, ಅದರಲ್ಲಿರುವ ಸಿ ಜೀವಸತ್ವ ಉತ್ಕರ್ಷಣವನ್ನು ಹಿಂದಕ್ಕೆ ತಿರುಗಿಸುತ್ತದೆ.

ಜಜ್ಜಿದರೆ ಕೆಲವು ಹಣ್ಣು, ಗಿಡಗಳು ಕಂದಾಗುತ್ತವೆ, ಕಿತ್ತಳೆ, ನಿಂಬೆ ಏಕೆ ಆಗುವುದಿಲ್ಲ? ಇಂಥ ಪ್ರಶ್ನೆಯ ಬೆನ್ನು ಹತ್ತಿದವರು ಹಂಗೆರಿಯ ವಿಜ್ಞಾನಿ ಆಲ್ಬರ್ಟ್ ಸೆಂಟ್ ಗ್ಯೋರ್ಗಿ. ಅವರು 1928ರಲ್ಲಿ ಬೇರ್ಪಡಿಸಿದ ವಸ್ತುವೇ ಸಿ ಜೀವಸತ್ವವೆಂದು ಮುಂದೆ ತಿಳಿದುಬಂತು. ತಮ್ಮ ನಾಡಿನ ಕೆಂಪು ಮೆಣಸಿನಕಾಯಿಯಿಂದ ಅದನ್ನು ಹೇರಳವಾಗಿ ತೆಗೆದರು. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಹಣ್ಣಿನ ಶ್ರೀಖಂಡ: ಎರಡು ಕಪ್ ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ, ತಂಪಾದ ಕಡೆ ಮೂರು ನಾಲ್ಕು ಗಂಟೆ ತೂಗುಹಾಕಿ. ನೀರು ಇಳಿದ ಮೊಸರಿಗೆ ಮೂರು ಚಮಚ ಸಕ್ಕರೆ ಪುಡಿ, ಚಿಟಿಕೆ ಏಲಕ್ಕಿ ಹಾಕಿ ಚೆನ್ನಾಗಿ ಕಲೆಸಿ. ಒಂದು ಸೇಬು, ಒಂದು ಬಾಳೆಹಣ್ಣನ್ನು ಸಣ್ಣಗೆ ಹೆಚ್ಚಿ, ಕೂಡಲೇ ಒಂದು ಚಮಚ ನಿಂಬೆರಸ ಸವರಿ. ದಾಳಿಂಬೆ ಕಾಳನ್ನೂ ಸೇರಿಸಬಹುದು. ಹಣ್ಣನ್ನು ಮೊಸರಿಗೆ ಬೆರೆಸುವುದು ಬಡಿಸುವ ಮುನ್ನವೇ ಇರಲಿ. ಮೊದಲೇ ಬೆರೆಸಿದರೆ ಸಕ್ಕರೆಯು ಹಣ್ಣಿನ ನೀರನ್ನು ಎಳೆದು ಶ್ರೀಖಂಡ ತೆಳುವಾಗುತ್ತದೆ. ಹಸಿ ಅನಾನಸ್ ಬೇಡ. ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಮೊಸರಿನ ಪ್ರೋಟೀನನ್ನು ಒಡೆದು ಕಹಿ ತರುತ್ತದೆ.

ಶಂಕರಪೋಳಿ: ಒಂದು ಕಪ್ ಮೈದಾಹಿಟ್ಟಿಗೆ ಕಾಲು ಕಪ್ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ಎರಡು ಚಮಚ ಬಿಸಿ ತುಪ್ಪ ಹಾಕಿ ತಿಕ್ಕಿ. ತುಪ್ಪ ಹಿಟ್ಟಿನ ಕಣಗಳನ್ನು ಸುತ್ತುವರಿದು ನಾರಿನಂತಹ ಗ್ಲುಟೆನ್ ಬೆಳೆಯದಂತೆ ತಡೆಯುವುದರಿಂದ ತಿಂಡಿ ಗರಿಗರಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಹಾಲು ಹಾಕಿ ಗಟ್ಟಿಯಾಗಿ ಕಲೆಸಿ, ಇಪ್ಪತ್ತು ನಿಮಿಷ ಮುಚ್ಚಿಡಿ. ತೆಳ್ಳಗೆ ಲಟ್ಟಿಸಿ, ವಜ್ರಾಕಾರಕ್ಕೆ ಕತ್ತರಿಸಿ, ಹದವಾದ ಉರಿಯಲ್ಲಿ ಕರಿಯಿರಿ.

ಎಣ್ಣೆಯಲ್ಲಿ ಏಳುವ ಗುಳ್ಳೆಗಳನ್ನು ಗಮನಿಸಿ. ಅವು ಹಿಟ್ಟಿನಿಂದ ಹೊರಬರುವ ನೀರಾವಿ. ನೀರು ಹೋದ ಮೇಲೆ ಗುಳ್ಳೆ ಕಡಿಮೆಯಾಗಿ, ಹೊರಮೈ ಬಿಸಿ ಏರುತ್ತದೆ. ಆಗ ಹಾಲು ಮತ್ತು ಹಿಟ್ಟಿನ ಪ್ರೋಟೀನಿನ ಅಂಶಗಳು ಕೆಲವು ಸಕ್ಕರೆಗಳೊಡನೆ ವರ್ತಿಸಿ ಬಣ್ಣ, ಪರಿಮಳ ಕೊಡುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಇಲ್ಲಿ ಕಿಣ್ವದ ಪಾತ್ರವಿಲ್ಲ, ಶಾಖದ್ದೇ ಕೆಲಸ. ಹೊಂಬಣ್ಣ ಬಂದೊಡನೆ ತೆಗೆಯಿರಿ. ಬಿಟ್ಟರೆ ಸೀದು ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ.

ಒಂದು ಎಚ್ಚರಿಕೆ. ಕರಿಯುವಾಗ ಮನೆಯ ಹಿರಿಯರು ಜೊತೆಗಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬೇಡಿ. ನೀರು ತಟ್ಟನೆ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆ ಆರಿಸಿ, ಬಾಣಲೆಯ ಮೇಲೆ ಲೋಹದ ತಟ್ಟೆ ಮುಚ್ಚಿ.

ಕೊನೆಗೊಂದು ಪ್ರಯೋಗ. ಸೇಬಿನ ಮೂರು ಹೋಳು ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಬಿಡಿ, ಇನ್ನೊಂದಕ್ಕೆ ನಿಂಬೆರಸ ಸವರಿ, ಮತ್ತೊಂದನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ. ಹತ್ತು ನಿಮಿಷಕ್ಕೊಮ್ಮೆ ನೋಡಿ ಪುಸ್ತಕದಲ್ಲಿ ಬರೆದಿಡಿ. ನೀರಿನಲ್ಲಿದ್ದ ಹೋಳು ಏಕೆ ನಿಧಾನವಾಗಿ ಕಂದಾಯಿತು? ಉತ್ತರ ಈ ಪುಟದಲ್ಲೇ ಇದೆ. ಹುಡುಕಿ ತೆಗೆಯುವ ಕೆಲಸ ನಿಮ್ಮದು.