ಟಾರ್ಚ್ ಬೆಳಕಿಗೆ ಸಿಗುವ ಕ್ಯಾನ್ಸರ್

ಬಾಯಲ್ಲಿ ಹುಣ್ಣಾಯಿತೆಂದರೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ‘ಉಷ್ಣ’. ಮಜ್ಜಿಗೆ ಕುಡಿ, ಬಿ-ಕಾಂಪ್ಲೆಕ್ಸ್ ನುಂಗು. ಹೆಚ್ಚಿನ ಹುಣ್ಣುಗಳು ಅಷ್ಟಕ್ಕೇ ಮಾಯುತ್ತವೆ ಕೂಡ. ತಕರಾರು ಇರುವುದು ಮಾಯದೆ ಉಳಿಯುವ ಹುಣ್ಣಿನದು. ಶುರುವಿನಲ್ಲಿ ಅದು ಬಹಳ ಸಲ ನೋಯುವುದೇ ಇಲ್ಲ. ನೋಯದ್ದಕ್ಕೆ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವವರು ಯಾರು? ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಾಗ ಹೊರಡುತ್ತಾರೆ. ಅಷ್ಟರಲ್ಲಿ ರೋಗ ಬಲಿತಿರುತ್ತದೆ.

ಬಾಯಿಯ ಕ್ಯಾನ್ಸರ್ ಹೊಟ್ಟೆಯೊಳಗೆ ಅಡಗಿ ಬೆಳೆಯುವಂಥದ್ದಲ್ಲ, ಟಾರ್ಚ್ ಬಿಟ್ಟರೆ ಕಾಣುತ್ತದೆ. ನೋಡಲು ವೈದ್ಯರೇ ಆಗಬೇಕೆಂದೂ ಇಲ್ಲ. ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ 1996ರಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅವುಗಳಲ್ಲಿ ಏಳು ಪಂಚಾಯಿತಿಗಳ ಮನೆಮನೆಗೂ ತರಬೇತಿ ಪಡೆದ ಕಾರ್ಯಕರ್ತರು ಹೋಗಿ, 35 ದಾಟಿದವರ ಬಾಯಿ ತೆರೆಸಿ ನೋಡಿದರು. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಈ ರೋಗದ ಸಾವು ಶೇ 34ರಷ್ಟು ತಗ್ಗಿತ್ತು.

ನೋಡಬೇಕಾದ್ದೇನು? ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು. ಸಾರಿನ ಖಾರಕ್ಕೇ ಬಾಯಿ ಉರಿಯುವುದು, ಮೂರು ಬೆರಳು ಒಂದರ ಮೇಲೊಂದಿಟ್ಟು ತೂರಿಸುವಷ್ಟೂ ಬಾಯಿ ತೆರೆಯದಿರುವುದು ಅಡಿಕೆ ಜಗಿಯುವವರಿಗೆ ಬರುವ ಇನ್ನೊಂದು ತೊಂದರೆಯ ಗುರುತು. ಕೆನ್ನೆಯ ಒಳಪದರ ಬಿಗಿದು ನಾರಾಗುವ ಈ ಸ್ಥಿತಿ ಮುಂದೆ ಕ್ಯಾನ್ಸರಿಗೆ ತಿರುಗಬಹುದು.

ಇಲ್ಲಿ ಕನ್ನಡಿಗರಿಗೆ ಕಹಿಯಾದ ಮಾತೊಂದಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವವರು ನಾವು. ತಾಂಬೂಲವಿಲ್ಲದೆ ನಮ್ಮ ಮದುವೆ ಮುಗಿಯದು. ‘ಹೊಗೆಸೊಪ್ಪು ಹಾಕಲ್ಲ, ಬರೀ ಅಡಿಕೆ’ ಎಂಬ ಸಮಾಧಾನವೂ ಹಳೆಯದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿದೆ. ಹಬ್ಬದೂಟದ ನಂತರದ ಒಂದು ವೀಳ್ಯಕ್ಕೂ ದಿನವಿಡೀ ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುವ ಚಟಕ್ಕೂ ಅಂತರವಿದೆ, ನಿಜ. ಚಟಕ್ಕೆ ಬಿದ್ದವರು ಮಾತ್ರ ಆ ಅಂತರದ ಆಸರೆ ಪಡೆಯುವಂತಿಲ್ಲ.

ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ನೇತಾಡತೊಡಗಿತು. ಬೆರೆಸುವ ಕೆಲಸವಷ್ಟೇ ಗಿರಾಕಿಯ ಪಾಲಿಗೆ ಬಂತು.

30 ದಾಟಿದವರ ಬಾಯಿ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲೇ ಇದೆ. ಅನುಮಾನ ಬಂದರೆ ದೊಡ್ಡಾಸ್ಪತ್ರೆಯಲ್ಲಿ ಚೂರು ಮಾಂಸ ತೆಗೆದು ಪರೀಕ್ಷಿಸುತ್ತಾರೆ. ‘ಕತ್ತರಿಸಿದರೆ ಹರಡುತ್ತದೆ’ ಎಂದು ಹೆದರಿ ಹಿಂದೆ ಸರಿಯುವವರು ಬಹಳ. ಈ ಪರೀಕ್ಷೆಯಿಂದ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲ. ಅದಿಲ್ಲದೆ ಚಿಕಿತ್ಸೆ ಆರಂಭಿಸುವಂತೆಯೂ ಇಲ್ಲ. ಬೇಗ ಸಿಕ್ಕರೆ ಎಷ್ಟೋ ಸಲ ಒಂದು ಶಸ್ತ್ರಚಿಕಿತ್ಸೆಗೇ ಮುಗಿಯುತ್ತದೆ. ತಡವಾದರೆ ದವಡೆಯ ಮೂಳೆಗೂ ಕೈಹಾಕಬೇಕಾಗುತ್ತದೆ, ಆಮೇಲೆ ವಿಕಿರಣ, ಕಿಮೋ.