ಓದಿಸಿ, ಜೊತೆಗೆ ಆಡಿಸಿ

ಶಾಲೆಯಿಂದ ಬಂದ ಮಗು ಚೀಲ ಇಟ್ಟು ಮೊದಲು ಏನನ್ನು ಕೈಗೆತ್ತಿಕೊಳ್ಳುತ್ತದೆ? ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ: ಮೊಬೈಲ್. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹೆತ್ತವರಿಗೆ ಮಕ್ಕಳನ್ನು ಹೊರಗೆ ಬಿಡಲು ಹಿಂಜರಿಕೆಯೂ ಇದೆ. ಸುಡುವ ಬಿಸಿಲು, ಧೂಳು, ಲಾರಿಗಳ ಓಡಾಟ, ನೀರು ತುಂಬಿದ ಕಲ್ಲುಗಣಿಗಳು. ಹೆಣ್ಣುಮಗು ಹತ್ತು ವರ್ಷ ದಾಟಿದರಂತೂ ಆಟವೇ ನಿಂತುಬಿಡುತ್ತದೆ.

ಆದರೆ ಬೆಳೆಯುವ ದೇಹಕ್ಕೆ ಚಲನೆ ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಂತಹ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಡುಗಿಯರಿಗೂ ಇದೇ ಲೆಕ್ಕ. ಎಲುಬು ಗಟ್ಟಿಯಾಗುವುದು, ಹೃದಯ ಬಲಗೊಳ್ಳುವುದು, ಒಳ್ಳೆಯ ನಿದ್ದೆ ಬರುವುದು ಇದರಿಂದಲೇ. ಪ್ರವಾದಿ(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದ್ದನ್ನು ನಾವು ಹದೀಸ್‌ಗಳಲ್ಲಿ ಓದಿದ್ದೇವೆ.

'ಮೊಬೈಲ್ ಇಡು, ಆಡು' ಎಂದು ಗದರಿದರೆ ಮಗು ಕೇಳದು. ಕಥೆ ಹೇಳಿದರೆ ಕೇಳುತ್ತದೆ. ಚಿತ್ರಗಳಿರುವ ಪುಟ್ಟ ಪುಸ್ತಕವೊಂದನ್ನು ಆರಿಸಿ. ಕಥೆಯಲ್ಲಿ ಕಪ್ಪೆ ಬಂದಾಗ ಓದು ನಿಲ್ಲಿಸಿ, ಮಗು ಈ ಗೋಡೆಯಿಂದ ಆ ಗೋಡೆಯವರೆಗೆ ಕುಪ್ಪಳಿಸಲಿ. ಕೊಕ್ಕರೆ ಬಂದರೆ ಒಂಟಿಕಾಲಲ್ಲಿ ನಿಂತು ಇಪ್ಪತ್ತು ಎಣಿಸಲಿ. ಮುಂದೇನಾಯಿತು ಎಂಬ ಕುತೂಹಲ ಮಗುವನ್ನು ಮತ್ತೆ ಪುಸ್ತಕಕ್ಕೆ ಕರೆತರುತ್ತದೆ. ಹತ್ತು ನಿಮಿಷದ ಓದಿನೊಂದಿಗೆ ಹದಿನೈದು ನಿಮಿಷದ ಆಟವೂ ಆಗುತ್ತದೆ. ದೊಡ್ಡ ಹುಡುಗಿಯರಿಗೆ ಹಗ್ಗದಾಟ, ಕುಂಟೆಬಿಲ್ಲೆ ಅಂಗಳದಲ್ಲೇ ಸಾಧ್ಯ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಅಥವಾ ಬಿಸಿಲು ಇಳಿದ ಮೇಲೆ ಆಡಿಸಿ, ನೀರು ಕುಡಿಸಿ.

ಶುಚಿತ್ವವನ್ನೂ ಹೀಗೆಯೇ ಕಲಿಸಬಹುದು. ಕಥೆಯ ಹುಡುಗ ಊಟಕ್ಕೆ ಕುಳಿತಾಗ 'ಇವನು ಕೈ ತೊಳೆದನೇ?' ಎಂದು ಕೇಳಿ. ಆಮೇಲೆ ಇಬ್ಬರೂ ಎದ್ದು ಸಾಬೂನಿನಿಂದ 20 ಸೆಕೆಂಡು ಕೈ ತೊಳೆಯಿರಿ. ವುಝೂ ಮಾಡುವ ಮಗುವಿಗೆ ಬೆರಳ ಸಂದುಗಳನ್ನು ತೊಳೆಯುವ ಅಭ್ಯಾಸ ಇದ್ದೇ ಇರುತ್ತದೆ. ಊಟಕ್ಕೆ ಮುಂಚೆ, ಶೌಚದ ನಂತರ ಅದಕ್ಕೆ ಸಾಬೂನು ಸೇರಬೇಕು, ಅಷ್ಟೇ.

ಪುಸ್ತಕಕ್ಕೆ ಹಣ ಸುರಿಯಬೇಕಿಲ್ಲ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ 'ಸ್ಟೋರಿವೀವರ್' ಜಾಲತಾಣದಲ್ಲಿ ಕನ್ನಡ, ಉರ್ದು ಎರಡರಲ್ಲೂ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಮೊಬೈಲ್ ನಿಮ್ಮ ಕೈಯಲ್ಲಿರಲಿ, ಕಥೆ ಮಗುವಿನ ಕಿವಿಗೆ ಬೀಳಲಿ.

ತಾಯಿಗೆ ಕನ್ನಡ ಓದಲು ಬಾರದಿದ್ದರೂ ಚಿಂತೆಯಿಲ್ಲ. ಚಿತ್ರ ತೋರಿಸಿ ಮನೆಮಾತಿನಲ್ಲೇ ಕಥೆ ಹೇಳಿ, ಅಥವಾ ಮಗುವೇ ಓದಿ ಹೇಳಲಿ. ಒಂದು ಮಾತು ಮಾತ್ರ ನೆನಪಿಡಿ: ಮಗು ಕಪ್ಪೆಯಂತೆ ಕುಪ್ಪಳಿಸುವಾಗ ನೀವೂ ಎದ್ದು ಜೊತೆಗೂಡಿ. ನೀವು ಕುಳಿತೇ ಇದ್ದರೆ ಮಗುವೂ ಬೇಗ ಕುಳಿತುಬಿಡುತ್ತದೆ. ಇಂದು ಸಂಜೆಯೇ ಒಂದು ಕಥೆಯಿಂದ ಆರಂಭಿಸಿ.