ಅರ್ಥವರಿಯದ ಹಾಡಿನ ಸವಿ

ಮಕ್ಕಳು ಪರದೇಶದ ಹಾಡೊಂದನ್ನು ಎಲ್ಲಿಯೋ ಕೇಳಿಬಂದು ಹಗಲೆಲ್ಲ ಗುನುಗುತ್ತಿದ್ದರೆ, “ಅದರ ಅರ್ಥವಾದರೂ ನಿನಗೆ ತಿಳಿದಿದೆಯೇ?” ಎಂದು ಹಿರಿಯರು ಗದರಿಸುವುದು ಅನೇಕ ಮನೆಗಳಲ್ಲಿ ನಡೆಯತಕ್ಕ ಸಂಗತಿಯಾಗಿದೆ. ಪದಗಳ ಅರ್ಥವನ್ನರಿಯದೆ ಹಾಡಿಗೆ ತಲೆದೂಗುವುದು ಅವಿವೇಕವೆಂದು ಅವರ ಅಭಿಪ್ರಾಯ. ಇದು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಾಚಕರು ಸ್ವಲ್ಪ ವಿಚಾರಿಸಬೇಕು.

1961ರಲ್ಲಿ ಜಪಾನಿನ ಕ್ಯೂ ಸಾಕಾಮೋಟೋ ಎಂಬ ತರುಣನು ಒಂದು ಗೀತವನ್ನು ಹಾಡಿ ಸ್ವದೇಶದಲ್ಲಿ ಪ್ರಸಿದ್ಧನಾದನು. ಅದನ್ನು ರಚಿಸಿದವನು ರೊಕುಸುಕೆ ಎಯಿ. ರಾಗವನ್ನು ಹೊಂದಿಸಿದವನು ಹಾಚಿದಾಯಿ ನಾಕಾಮುರ. 1963ರ ಜೂನ್ ತಿಂಗಳಲ್ಲಿ ಅದೇ ಗೀತವು ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯ ಜನಪ್ರಿಯ ಗೀತಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆದು, 3 ವಾರಗಳವರೆಗೆ ಅದನ್ನು ಬಿಟ್ಟುಕೊಡಲಿಲ್ಲ. ಕೇಳಿದವರಲ್ಲಿ ಬಹುಮಂದಿಗೆ ಜಪಾನೀ ಭಾಷೆಯ ಗಂಧವೂ ಇರಲಿಲ್ಲ. ಜಪಾನೀ ಹೆಸರು ಪಾಶ್ಚಾತ್ಯರ ನಾಲಗೆಗೆ ಒಗ್ಗದೆಂದು ಧ್ವನಿಮುದ್ರಿಕೆಯ ವ್ಯಾಪಾರಿಗಳು ಅದಕ್ಕೆ ‘ಸುಕಿಯಾಕಿ’ ಎಂದು ಬೇರೆ ನಾಮಕರಣ ಮಾಡಿದ್ದರು. ಸುಕಿಯಾಕಿಯೆಂದರೆ ಮಾಂಸವನ್ನೂ ತರಕಾರಿಯನ್ನೂ ಕೂಡಿಸಿ ಬೇಯಿಸುವ ಒಂದು ಅಡಿಗೆ! ಗೀತದಲ್ಲಿ ಅಡಿಗೆಯ ಸುದ್ದಿಯೇ ಇಲ್ಲ. ಕಂಬನಿಯನ್ನು ತಡೆಹಿಡಿದು ಒಂಟಿಯಾಗಿ ನಡೆಯುವವನ ದುಃಖವೇ ಅದರ ವಿಷಯ.

ಇದಕ್ಕಿಂತಲೂ ಸೋಜಿಗವಾದ ಮಾತೊಂದಿದೆ. ಅಮೆರಿಕದೊಡನೆ ಜಪಾನು ಮಾಡಿಕೊಂಡ ರಕ್ಷಣಾ ಒಡಂಬಡಿಕೆಯನ್ನು 1960ರಲ್ಲಿ ಅಲ್ಲಿಯ ಪ್ರಜೆಗಳು ಪ್ರಬಲವಾಗಿ ವಿರೋಧಿಸಿದರು. ಆ ಪ್ರಯತ್ನವು ವಿಫಲವಾದಾಗ ಉಂಟಾದ ನಿರಾಶೆಯಿಂದಲೇ ಎಯಿಯ ಗೀತವು ಹುಟ್ಟಿತು. ಯಾವ ದೇಶದ ವಿಷಯದಲ್ಲಿ ಕವಿಯು ನೊಂದಿದ್ದನೋ ಆ ದೇಶದವರೇ, ಮಹಾಯುದ್ಧವು ಮುಗಿದು 18 ವರ್ಷಗಳು ಕಳೆಯುವಷ್ಟರಲ್ಲಿ, ಅವನ ಹಾಡನ್ನು ಮನೆಮನೆಗೂ ಬರಮಾಡಿಕೊಂಡರು. ಹಾಡಿನ ಇಂಪೂ, ಗಾಯಕನ ಕೊರಳಿನ ನಡುಕವೂ, ನಡುವೆ ಬರುವ ಸಿಳ್ಳಿನ ಒಂಟಿತನವೂ ಪದಗಳು ಮಾಡಲಾರದ ಕೆಲಸವನ್ನು ಮಾಡಿದುವು.

ಆ ಗೀತಕ್ಕೆ ಅರ್ಥವಿತ್ತು. ಕೇಳಿದವರಿಗೆ ತಿಳಿಯಲಿಲ್ಲ, ಅಷ್ಟೇ. ಅರ್ಥವೇ ಇಲ್ಲದ ಹಾಡಿನ ಗತಿಯೇನು? 1972ರಲ್ಲಿ ಇಟಲಿಯ ಗಾಯಕ ಆದ್ರಿಯಾನೋ ಚೆಲೆಂತಾನೋ ಎಂಬಾತನು ಅಮೆರಿಕನರ ಇಂಗ್ಲಿಷಿನ ಉಚ್ಚಾರವನ್ನು ಅನುಕರಿಸಿ, ಹೆಚ್ಚುಕಡಿಮೆ ಯಾವ ಭಾಷೆಗೂ ಸೇರದ ಶಬ್ದಗಳಿಂದಲೇ ಒಂದು ಹಾಡನ್ನು ಕಟ್ಟಿದನು. ‘ಪ್ರಿಸೆಂಕೊಲಿನೆನ್ಸಿನಾಯಿಂಚುಸೋಲ್’ ಎಂಬ ಅದರ ಹೆಸರೇ ಅರ್ಥಶೂನ್ಯ. ಮನುಷ್ಯರು ಒಬ್ಬರನ್ನೊಬ್ಬರು ಅರಿಯಲಾರದೆ ಹೋಗಿರುವರೆಂಬುದನ್ನು ತೋರಿಸುವುದು ತನ್ನ ಉದ್ದೇಶವೆಂದು ಆತನು ಹೇಳಿದ್ದುಂಟು. ಆದರೇನು? ತಾಳದ ಬಿಗುಪಿಗೆ ಮರುಳಾದ ಜನರು ಅದನ್ನು ಹಲವು ದೇಶಗಳಲ್ಲಿ ಕೊಂಡಾಡಿದರು.

ನಮಗಾದರೂ ಇದು ಹೊಸತಲ್ಲ. ತ್ಯಾಗರಾಜರ ತೆಲುಗು ಕೃತಿಗಳನ್ನು ತೆಲುಗರಿಯದ ಕನ್ನಡಿಗರು ತಲೆಮಾರುಗಳಿಂದ ಕೇಳಿ ಆನಂದಿಸುತ್ತ ಬಂದಿರುವರು. ಕರ್ಣಾಟಕ ಸಂಗೀತದ ತಿಲ್ಲಾನದಲ್ಲಿಯೂ ಹಿಂದುಸ್ಥಾನಿ ಪದ್ಧತಿಯ ತರಾನದಲ್ಲಿಯೂ ‘ದಿರ ದಿರ’, ‘ತೋಂ’ ಮುಂತಾದ ಸೊಲ್ಲುಗಳದೇ ಪ್ರಾಧಾನ್ಯ. ತೊಟ್ಟಿಲ ಕೂಸು ಜೋಗುಳದ ಅರ್ಥವನ್ನು ಕೇಳಿ ನಿದ್ರಿಸುವುದೇ?

ಹಾಗೆಂದು ಅರ್ಥವು ನಿಷ್ಪ್ರಯೋಜಕವೆಂದು ತಿಳಿಯಬಾರದು. 2012ರಲ್ಲಿ ಜಗತ್ತನ್ನೇ ಕುಣಿಸಿದ ‘ಗಂಗ್ನಮ್ ಸ್ಟೈಲ್’ ಎಂಬ ಕೊರಿಯಾದ ಹಾಡು ಸಿಯೋಲ್ ನಗರದ ಒಂದು ಸಿರಿವಂತ ಬಡಾವಣೆಯ ಆಡಂಬರವನ್ನು ಹಾಸ್ಯಮಾಡುವುದೆಂದು ಕುಣಿದವರಲ್ಲಿ ಎಷ್ಟು ಮಂದಿ ಬಲ್ಲರು? ತಿಳಿದ ಮೇಲೆ ಕುಣಿತದೊಡನೆ ನಗೆಯೂ ಕೂಡುವುದು. ಆದುದರಿಂದ ಮಗುವು ಅರ್ಥವರಿಯದ ಹಾಡನ್ನು ಹಾಡಿದರೆ ಬಾಯಿಮುಚ್ಚಿಸದಿರುವುದೇ ಲೇಸು. ಮೊದಲು ಕುಳಿತು ಕೇಳಬೇಕು. ಬಳಿಕ ಅದರ ಅರ್ಥವನ್ನು ಮಗುವಿನೊಡನೆ ಕೂಡಿಯೇ ಹುಡುಕಬೇಕು. ಹಾಗೆ ಹುಡುಕುತ್ತ ಹೊರಟರೆ ಒಂದು ಅಡಿಗೆಯ ಹೆಸರಿನ ಹಿಂದೆ ಒಬ್ಬ ಕವಿಯ ಕಣ್ಣೀರು ದೊರೆತರೂ ದೊರೆಯಬಹುದು.